‘ತಾವಾಗಿಯೇ ಸತ್ತಿವೆ’ ಎಂದು ನಾನು ಬರೆದ ಸಾಲು

ಮೇಣದ ಬಿಲ್ಲೆಗಳನ್ನು ಬಿಸಿಲಿಗೆ ಇಡಬಾರದೆಂದು ನಾನು ಎಷ್ಟು ಮಂದಿಗೆ ಹೇಳಿದ್ದೇನೆಂಬುದು ನೆನಪಿಲ್ಲ. ಹೇಳಿದರೂ ಕೇಳದವರು ಯಾರೆಂಬುದು ಮಾತ್ರ ಒಬ್ಬೊಬ್ಬರಾಗಿ ನೆನಪಿದೆ. ಆ ಪಟ್ಟಿಗೆ ಕಳೆದ ಬೇಸಿಗೆಯಲ್ಲಿ ಹುಮನಾಬಾದಿನ ಒಬ್ಬ ವೆಲ್ಡರ್ ಸೇರಿದ. ಹೈದರಾಬಾದಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಅವನ ಬಲ ಶ್ವಾಸಕೋಶದ ಮೇಲಿನ ಹಾಲೆಯನ್ನು, ಅದರೊಳಗಿನ ಕ್ಯಾನ್ಸರ್ ಗಡ್ಡೆಯ ಸಮೇತ, ತೆಗೆದಿದ್ದರು. ಗಡ್ಡೆಯ ತುಣುಕುಗಳನ್ನು ಹುದುಗಿಸಿದ್ದ ಏಳು ಮೇಣದ ಬಿಲ್ಲೆಗಳನ್ನೂ, ಅವುಗಳಿಂದ ತೆಳುವಾಗಿ ಕೊಯ್ದು ಬಣ್ಣ ಹಾಕಿದ ಗಾಜಿನ ಪಟ್ಟಿಗಳನ್ನೂ ಅವನ ಕೈಗೇ ಕೊಟ್ಟು ಕಳಿಸಿದ್ದರು. ಅವನು ಅವೆಲ್ಲವನ್ನೂ ಒಂದು ಚಪ್ಪಲಿ ಡಬ್ಬಿಯಲ್ಲಿ ತುಂಬಿ, ಪರಿಚಯದ ಟೆಂಪೋ ಒಂದರ ಮುಂಗಾಜಿನ ಕೆಳಗೆ ಇಟ್ಟು, ಅಲ್ಲೇ ಎರಡು ದಿನ ಮರೆತು, ಮೂರನೆಯ ದಿನ ಊರಿನ ಎದೆರೋಗದ ವೈದ್ಯರಿಗೆ ತಲುಪಿಸಿದ. ವೈದ್ಯರು ನನ್ನ ಮೇಜಿನ ಮೇಲೆ ತಂದಿಟ್ಟಾಗ ಎರಡು ಬಿಲ್ಲೆಗಳು ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು.

ನಾನು ರೋಗನಿದಾನದ ವೈದ್ಯೆ. ರೋಗಿಯ ಮುಖವನ್ನು ನೋಡುವುದಕ್ಕಿಂತ ಹೆಚ್ಚಾಗಿ ಅವನ ದೇಹದ ತುಣುಕನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡುವವಳು. ಮನೆ ಬಸವಕಲ್ಯಾಣದಲ್ಲಿ, ವಾರಕ್ಕೆ ನಾಲ್ಕು ದಿನ ಬಸ್ಸಿನಲ್ಲಿ ಹುಮನಾಬಾದಿಗೆ ಬಂದು ಒಂದು ಸಣ್ಣ ಪ್ರಯೋಗಾಲಯ ನಡೆಸುತ್ತೇನೆ. ಈ ಎದೆರೋಗದ ವೈದ್ಯರು ಹಿಂದೊಮ್ಮೆ, ಔಷಧಿ ಕಂಪನಿಯ ಇಬ್ಬರು ಪ್ರತಿನಿಧಿಗಳ ಎದುರಿನಲ್ಲೇ, “ಮೇಡಂ, ನಿಮ್ಮ ರಿಪೋರ್ಟ್ ಓದಾಕ ನನಗ ಒಂದಿನ ರಜಾ ಹಾಕಬೇಕಾಗ್ತದ ನೋಡ್ರಿ,” ಎಂದಿದ್ದರು. ಪ್ರತಿನಿಧಿಗಳು ನಕ್ಕಿದ್ದರು. ಒಬ್ಬನ ಅಂಗಿ ನೀಲಿ ಬಣ್ಣದ್ದಾಗಿತ್ತು. ಆದರೆ ಕಷ್ಟದ ಪ್ರಕರಣ ಬಂದಾಗ ಅವರ ಸ್ಕೂಟರ್ ನಿಲ್ಲುವುದು ನನ್ನ ಬಾಗಿಲಿಗೇ.

ಕಷ್ಟ ಇದ್ದದ್ದು ಹೀಗೆ. ಹೈದರಾಬಾದಿನ ವರದಿ ಒಂದೇ ಪುಟ: ಗಡ್ಡೆಯ ಜಾತಿ, ಅಳತೆ, ಕೊಯ್ದ ಅಂಚಿನಲ್ಲಿ ರೋಗವಿಲ್ಲ, ದುಗ್ಧಗ್ರಂಥಿಗಳಿಗೆ ಹರಡಿಲ್ಲ. ಎಲ್ಲವೂ ಮೊದಲೇ ಅಚ್ಚು ಹಾಕಿದ ಚೌಕಗಳಲ್ಲಿ ಗೆರೆ ಎಳೆದ ಉತ್ತರಗಳು. ಅದನ್ನು ಓದಿದ ಕಲಬುರಗಿಯ ಕ್ಯಾನ್ಸರ್ ವೈದ್ಯರಿಗೆ ಒಂದು ಪ್ರಶ್ನೆ ಉಳಿದಿತ್ತು. ಇಷ್ಟು ಗಾತ್ರದ, ಹರಡದ ಗಡ್ಡೆಯನ್ನು ತೆಗೆದ ಮೇಲೆ ಕೀಮೋಥೆರಪಿ ಕೊಡಬೇಕೋ ಬೇಡವೋ? ಕೊಡುವವರೂ ಇದ್ದಾರೆ, ಬಿಡುವವರೂ ಇದ್ದಾರೆ. ಗಡ್ಡೆಯೊಳಗೆ ಕೆಟ್ಟ ಲಕ್ಷಣವೇನಾದರೂ ಇದ್ದರೆ ಕೊಡುವ ಕಡೆಗೆ ವಾಲುತ್ತಾರೆ. ಕೊಡುವುದಾದರೆ ಶಸ್ತ್ರಕ್ರಿಯೆಯಾದ ಎರಡು ತಿಂಗಳೊಳಗೆ ಶುರುವಾಗಬೇಕೆಂದು ಅವರು ಹೇಳಿದ್ದರು. ಒಂದು ತಿಂಗಳು ಆಗಲೇ ಮುಗಿದಿತ್ತು.

“ಎಲ್ಲಾ ಕ್ಲಿಯರ್ ಅದ ಅಂತ ಒಂದು ಲೈನ್ ಬರದು ಕೊಡ್ರಿ ಸಾಕು,” ಎಂದರು ಎದೆರೋಗದ ವೈದ್ಯರು.

“ನೋಡದೆ ಬರೆಯುವ ಅಭ್ಯಾಸ ನನಗಿಲ್ಲ,” ಎಂದೆ.

ಎಣಿಸಿದೆ. ಬಿಲ್ಲೆಗಳು ಏಳು, ಗಾಜಿನ ಪಟ್ಟಿಗಳು ಆರು. ಆರನೆಯ ಸಂಖ್ಯೆಯ ಬಿಲ್ಲೆಗೆ ಪಟ್ಟಿಯೇ ಇರಲಿಲ್ಲ. ಹೈದರಾಬಾದಿಗೆ ಫೋನ್ ಮಾಡಿದೆ. ನನ್ನನ್ನು ನಾಲ್ಕು ಕಡೆಗೆ ದಾಟಿಸಿದರು. ಮೂರನೆಯವನು ಹುಮನಾಬಾದ್ ಯಾವ ರಾಜ್ಯದಲ್ಲಿದೆ ಎಂದು ಕೇಳಿದ. ನಾಲ್ಕನೆಯವಳು, ದನಿಯಿಂದ ಹೇಳುವುದಾದರೆ ನನ್ನ ಮೊಮ್ಮಗಳ ವಯಸ್ಸಿನವಳು, ದಾಖಲೆ ನೋಡಿ ಉತ್ತರಿಸಿದಳು: ಆರನೆಯದು ಗಡ್ಡೆಯ ನಡುಭಾಗದ್ದು, ಕೊಯ್ಯುವಾಗ ಪುಡಿಯಾಯಿತು, ಅದರಲ್ಲಿ ನೋಡುವಂಥದ್ದೇನೂ ಇರಲಿಲ್ಲ, ಬರೀ ಸತ್ತ ಅಂಗಾಂಶ.

ಬರೀ ಸತ್ತ ಅಂಗಾಂಶ. ಈ ಮಾತನ್ನು ನಾನು ಮೊದಲ ಸಲ ಕೇಳಿದ್ದಲ್ಲ. ಗಡ್ಡೆಯೊಳಗಿನ ಜೀವಕೋಶಗಳ ಸಾವಿನ ಬಗ್ಗೆ ಒಂದು ಸಭೆಯಲ್ಲಿ ಮಾತನಾಡುತ್ತಿದ್ದಾಗ ಅಧ್ಯಕ್ಷತೆ ವಹಿಸಿದ್ದವರು ಗಡಿಯಾರ ತೋರಿಸಿ, “ಸತ್ತವರು ಕಾಯುತ್ತಾರೆ, ಊಟ ಕಾಯುವುದಿಲ್ಲ,” ಎಂದು ನನ್ನನ್ನು ಇಳಿಸಿದ್ದರು. ಅಂದು ಊಟಕ್ಕೆ ಬದನೆಕಾಯಿ ಪಲ್ಯವಿತ್ತು, ನಾನು ಮುಟ್ಟಲಿಲ್ಲ.

ಅಂಟಿಕೊಂಡಿದ್ದ ಬಿಲ್ಲೆಗಳಲ್ಲಿ ಒಂದು ಆ ಆರನೆಯದೇ. ಅದನ್ನು ಬಿಡಿಸಿ, ಮೇಣವನ್ನು ಕರಗಿಸಿ, ತುಣುಕನ್ನು ಹೊಸ ಮೇಣದಲ್ಲಿ ಮತ್ತೆ ಹುದುಗಿಸಬೇಕಾಯಿತು. ನನ್ನ ತಂತ್ರಜ್ಞ ಹನ್ನೊಂದು ವರ್ಷ ನನ್ನ ಬೈಗುಳ ತಿಂದು ಪಳಗಿದ ಮನುಷ್ಯ. ಮೊದಲ ಪದರವನ್ನು ಕೊಯ್ದ ಕೂಡಲೇ ಕೈಯೆತ್ತಿದ.

“ಬಾಯೋರ, ಇದು ಬ್ಲಾಕ್ ಅಲ್ರಿ, ರವಾ.”

“ರವಾ ಆದ್ರ ಉಪ್ಪಿಟ್ಟು ಮಾಡ್ಕೊ ಹೋಗು. ಐಸ್ ತಂದ್ಯಾ?”

“ಫ್ರಿಜ್ಜಿನ್ಯಾಗ ಇಲ್ರಿ. ಮುಂಜಾನಿಂದ ಕರೆಂಟ್ ಎಲ್ಲದ?”

“ರಸದಂಗಡಿಯಾಗ ಅದ. ಕಬ್ಬಿನ ಹಾಲು ಕುಡಿಲಿಕ್ಕೆ ಹೋಗಾಕ ನಿನಗ ದಾರಿ ಗೊತ್ತದ, ಐಸ್ ತರಾಕ ಗೊತ್ತಿಲ್ಲೇನು?”

ಸತ್ತ ಅಂಗಾಂಶಕ್ಕೆ ಕಟ್ಟಿ ಹಿಡಿಯುವ ಶಕ್ತಿ ಇರುವುದಿಲ್ಲ. ಅಲಗು ತಾಗಿದೊಡನೆ ಉದುರುತ್ತದೆ. ಬಿಲ್ಲೆಯ ಮುಖವನ್ನು ಮಂಜುಗಡ್ಡೆಯ ಮೇಲೆ ಕವುಚಿ ಹತ್ತು ನಿಮಿಷ ಇಡಬೇಕು, ಹೊಸ ಅಲಗನ್ನು ಕೂರಿಸಬೇಕು, ಚಕ್ರವನ್ನು ನಿಧಾನ ತಿರುಗಿಸಬೇಕು, ಪದರ ಏಳುವಾಗ ಅದರ ಮೇಲೆ ಬಾಯಿಂದ ಮೆಲ್ಲನೆ ಆವಿ ಊದಬೇಕು. ಅಂದು ಮೂವತ್ತಕ್ಕೂ ಹೆಚ್ಚು ಪದರ ಕೆಟ್ಟವು. ಒಮ್ಮೆ ಒಳ್ಳೆಯ ಪದರ ಎದ್ದು ನೀರಿನ ಮೇಲೆ ಸುಕ್ಕಿಲ್ಲದೆ ಹರಡಿಕೊಂಡಿತು; ಆ ಕ್ಷಣಕ್ಕೇ ಹೊರಗೆ ಯಾರೋ ರಕ್ತಪರೀಕ್ಷೆಯ ಚೀಟಿ ಕೇಳುತ್ತ ಬಾಗಿಲು ದಬ್ಬಿದರು, ಗಾಳಿ ಬಂತು, ಪದರ ಮಡಚಿಕೊಂಡಿತು. ನಾನು ಆಡಿದ ಮಾತನ್ನು ಇಲ್ಲಿ ಬರೆಯಲಾರೆ. ಸಂಜೆಯ ಹೊತ್ತಿಗೆ ನಾಲ್ಕು ಪದರಗಳು ಗಾಜಿನ ಮೇಲೆ ಸರಿಯಾಗಿ ಕೂತವು.

ಬಣ್ಣ ಹಾಕಿದ ಮೇಲೆ ಕಂಡದ್ದು ಇದು: ನಡುವೆ ವಿಶಾಲವಾದ ತಿಳಿಗುಲಾಬಿ ಬಯಲು, ಅದರಲ್ಲಿ ನೀಲಿ ಚುಕ್ಕೆಗಳೇ ಇಲ್ಲ. ಜೀವಂತ ಕೋಶದ ನಡುವಿನ ಬೀಜ ನೀಲಿಯಾಗಿ ಕಾಣುತ್ತದೆ. ಸತ್ತ ಕೋಶದಲ್ಲಿ ಅದು ಮಾಸಿ, ಕೋಶದ ಹೊರಗೆರೆ ಮಾತ್ರ ನೆರಳಿನಂತೆ ಉಳಿಯುತ್ತದೆ. ಆ ಬಯಲಿನ ಅಂಚಿನಲ್ಲಿ, ರಕ್ತನಾಳಗಳ ಸುತ್ತ ಮಾತ್ರ, ಕಡುನೀಲಿಯ ಕ್ಯಾನ್ಸರ್ ಕೋಶಗಳು ಒತ್ತೊತ್ತಾಗಿ ನಿಂತಿದ್ದವು.

ಕಂಡದ್ದನ್ನು ಕೂಡಲೇ ನಂಬುವವಳು ನಾನಲ್ಲ. ನಮ್ಮ ಸೀಮೆಯಲ್ಲಿ ಶ್ವಾಸಕೋಶದಲ್ಲಿ ಸತ್ತ ಅಂಗಾಂಶ ಕಂಡರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ಕ್ಷಯ. ಅದಕ್ಕಾಗಿ ಕ್ಷಯದ ರೋಗಾಣುವನ್ನು ಕೆಂಪಾಗಿ ತೋರಿಸುವ ಬಣ್ಣ ಹಾಕಿಸಿದೆ; ಏನೂ ಇರಲಿಲ್ಲ. ಎರಡನೆಯ ಅನುಮಾನ, ಕೊಯ್ದ ಹಾಲೆಯನ್ನು ಫಾರ್ಮಲಿನ್‌ಗೆ ಹಾಕಲು ತಡಮಾಡಿ ಅದು ಡಬ್ಬಿಯಲ್ಲೇ ಕೊಳೆತಿತ್ತೇ ಎಂಬುದು. ಹಾಗಾಗಿದ್ದರೆ ಪಕ್ಕದ ಆರೋಗ್ಯವಂತ ಶ್ವಾಸನಾಳದ ಒಳಪದರವೂ ಮಾಸಿರಬೇಕಿತ್ತು. ಅದು ನಿಚ್ಚಳವಾಗಿತ್ತು, ಅದರ ಕೂದಲಂಥ ಎಳೆಗಳನ್ನೂ ಎಣಿಸಬಹುದಿತ್ತು. ಮೂರನೆಯದು, ಔಷಧದಿಂದ ಸತ್ತಿರಬಹುದೇ? ಶಸ್ತ್ರಕ್ರಿಯೆಗೆ ಮೊದಲು ಕೀಮೋಥೆರಪಿ ಕೊಟ್ಟಿದ್ದರೆ ಗಡ್ಡೆಯೊಳಗೆ ಇಂಥದೇ ಸಾವು ಕಾಣುತ್ತದೆ, ಆಗ ಅದು ಶುಭಸೂಚನೆ. ವೆಲ್ಡರನ ಕಾಗದಗಳನ್ನೆಲ್ಲ ತಿರುವಿ ಹಾಕಿದೆ. ಯಾವ ಔಷಧವನ್ನೂ ಕೊಟ್ಟಿರಲಿಲ್ಲ.

ಹಾಗಾದರೆ ಆ ಕೋಶಗಳು ಸತ್ತದ್ದು ತಮ್ಮದೇ ಅವಸರದಿಂದ. ಕ್ಯಾನ್ಸರ್ ಕೋಶ ಒಂಟಿಯಾಗಿಯೂ ಸಾಯುತ್ತದೆ. ಮುದುಡಿ, ಚೂರಾಗಿ, ಸದ್ದಿಲ್ಲದೆ ಮುಗಿಯುತ್ತದೆ. ಇದು ಆ ಬಗೆಯದಲ್ಲ. ರಕ್ತನಾಳಗಳು ಪೂರೈಸಲಾರದಷ್ಟು ವೇಗದಲ್ಲಿ ಗಡ್ಡೆ ಬೆಳೆದಾಗ ನಾಳದಿಂದ ದೂರ ಉಳಿದ ಕೋಶಗಳು ಸಾಮೂಹಿಕವಾಗಿ ಸಾಯುತ್ತವೆ. ಇಂಥ ಸಾವು ವಿಸ್ತಾರವಾಗಿರುವ ಗಡ್ಡೆಗಳು ತೆಗೆದ ಮೇಲೂ ಮರಳುವುದು ಹೆಚ್ಚೆಂದು ಈ ಕಸುಬಿನವರು ಬಹುಕಾಲದಿಂದ ಗಮನಿಸಿದ್ದಾರೆ. ಇದೊಂದೇ ಲಕ್ಷಣ ಎಲ್ಲವನ್ನೂ ನಿರ್ಧರಿಸದು. ಆದರೆ ತೂಗುತ್ತಿರುವ ತಕ್ಕಡಿಯಲ್ಲಿ ಇದನ್ನು ಇಡಲೇಬೇಕು.

ಗಾಜಿನ ಪಟ್ಟಿಗಳ ಹಿಂಬದಿಯಲ್ಲಿ ಪೆನ್ನಿನಿಂದ ಚೌಕಗಳನ್ನು ಎಳೆದು, ಏಳೂ ಪಟ್ಟಿಗಳ ಪ್ರತಿ ಚೌಕವನ್ನೂ ನೋಡಿ ಗುರುತು ಹಾಕಿದೆ. ಎರಡು ದಿನ ಹಿಡಿಯಿತು. ಅರ್ಧಕ್ಕಿಂತ ಹೆಚ್ಚು ಭಾಗ ಸತ್ತಿತ್ತು. ಇಂಗ್ಲಿಷಿನಲ್ಲಿ ಒಂದೂವರೆ ಪುಟದ ವರದಿ ಬರೆದೆ. ಕೊನೆಯಲ್ಲಿ, ನನ್ನ ಪದ್ಧತಿಯಂತೆ, ಮನೆಯವರಿಗಾಗಿ ಕನ್ನಡದಲ್ಲಿ ಒಂದು ಟಿಪ್ಪಣಿ. ರೋಗಿಯ ದೇಹದ ಸುದ್ದಿ ರೋಗಿಯ ಭಾಷೆಯಲ್ಲಿ ಇರಬೇಕೆಂಬುದು ನನ್ನ ಹಟ. ಇದಕ್ಕಾಗಿ ನನ್ನನ್ನು ‘ಕನ್ನಡ ಪಂಡಿತೆ’ ಎಂದು ಕರೆದವರ ಹೆಸರುಗಳೂ ನನಗೆ ಗೊತ್ತಿವೆ. ಟಿಪ್ಪಣಿ ಹೀಗಿತ್ತು: ‘ಗಡ್ಡೆಯ ಅರ್ಧಕ್ಕಿಂತ ಹೆಚ್ಚು ಭಾಗದಲ್ಲಿ ಜೀವಕೋಶಗಳು ತಾವಾಗಿಯೇ ಸತ್ತಿವೆ. ಮುಂದಿನ ಚಿಕಿತ್ಸೆಯನ್ನು ನಿರ್ಧರಿಸುವಾಗ ಇದನ್ನು ಗಮನಿಸತಕ್ಕದ್ದು.’

‘ತಾವಾಗಿಯೇ’ ಎಂಬ ಪದವನ್ನು ಹುಡುಕಿ ಹಾಕಿದ್ದೆ. ಔಷಧದಿಂದಲ್ಲ, ತಮ್ಮಷ್ಟಕ್ಕೆ ಎಂಬ ಅರ್ಥ ಅದರಲ್ಲಿ ಕರಾರುವಾಕ್ಕಾಗಿ ಬರುತ್ತದೆ. ಬರೆದು ಮುಗಿಸಿದಾಗ ನನಗೆ ಸಮಾಧಾನವಾಗಿತ್ತು ಎಂಬುದನ್ನೂ ಬಚ್ಚಿಡುವುದಿಲ್ಲ.

ನಾಲ್ಕು ದಿನಗಳ ಮೇಲೆ ಪ್ರಯೋಗಾಲಯಕ್ಕೆ ಒಂದು ಕಿಲೋ ಪೇಢೆ ಬಂತು. ವೆಲ್ಡರನ ಅಕ್ಕ ಕಳಿಸಿದ್ದು ಎಂದ ತಂತ್ರಜ್ಞ, ಆಗಲೇ ಒಂದನ್ನು ಬಾಯಿಗೆ ಹಾಕಿಕೊಂಡು. ಕಾಳಜಿಯಿಂದ ನೋಡಿದ್ದಕ್ಕೆ ಕೃತಜ್ಞತೆ ಇರಬಹುದೆಂದುಕೊಂಡು ನಾನೂ ಒಂದು ತಿಂದೆ. ಆ ಪೇಢೆ ಈಗಲೂ ನನ್ನ ಗಂಟಲಲ್ಲಿದೆ.

ಮರುವಾರ ಎದೆರೋಗದ ವೈದ್ಯರು ನಗುತ್ತಲೇ ಒಳಗೆ ಬಂದರು.

“ಮೇಡಂ, ಏನ್ ಬರದ್ರಿ ಅವರಿಗೆ? ಕಲಬುರಗಿಗೆ ಹೋಗೂದೇ ಇಲ್ಲ ಅಂತ ಕೂತಾರ. ಬ್ಯಾನಿ ತಾನಾಗೇ ಸತ್ತದ, ಡಾಕ್ಟರ್‌ಬಾಯಿ ಸಹಿ ಮಾಡಿ ಕೊಟ್ಟಾರ ಅಂತಾರ. ಕಾಗದದ ಫೋಟೋ ಹುಲಸೂರ ಬೀಗರ ತನ ಹೋಗಿ ಬಂದದ.”

“ನೀವು ತಿಳಿಸಿ ಹೇಳಲಿಲ್ಲವೆ?”

“ಹೇಳಿದೆ. ನೀವು ಹೇಳೂದು ಬ್ಯಾರೆ, ಬಾಯೋರು ಬರದಿದ್ದು ಬ್ಯಾರೆ ಅಂದ್ರು. ಇಷ್ಟು ದಿನ ಉದ್ದುದ್ದ ಬರದು ಬರದು, ಈಗ ನೋಡ್ರಿ, ಮಂದಿ ನಿಮ್ಮನ್ನೇ ನಂಬಾಕತ್ತಾರ.”

ಈ ಮಾತನ್ನು ನೀಲಿ ಅಂಗಿಯವನ ನಗೆಯ ಪಕ್ಕದಲ್ಲಿ ಇರಿಸಿಕೊಂಡೆ. ಅವರು ಹೋದ ಮೇಲೆ ವರದಿಯ ಪ್ರತಿಯನ್ನು ತೆಗೆದು ನನ್ನ ಸಾಲನ್ನು ಹತ್ತು ಸಲ ಓದಿದೆ. ವ್ಯಾಕರಣ ಸರಿ, ಅರ್ಥ ಸರಿ, ವಿಜ್ಞಾನ ಸರಿ. ತಪ್ಪು ಎಲ್ಲಿ ಎಂದು ಯಾರಾದರೂ ಬೆರಳಿಟ್ಟು ತೋರಿಸಲಿ ಎಂದು ಗೋಡೆಗೆ ಸವಾಲು ಹಾಕಿದೆ. ಶಸ್ತ್ರಕ್ರಿಯೆಯಾಗಿ ಆರನೆಯ ವಾರ ನಡೆದಿತ್ತು.

ವೆಲ್ಡರ್ ತೀರ್ಮಾನ ಮಾಡುವ ಮನುಷ್ಯನಲ್ಲ, ಅವನಿಗಾಗಿ ತೀರ್ಮಾನಿಸುವವಳು ಅಕ್ಕ ಎಂದು ತಂತ್ರಜ್ಞ ತಿಳಿಸಿದ. ತಾಯಿ ಬೇಗ ತೀರಿಕೊಂಡಾಗ ಅವನನ್ನು ಬೆಳೆಸಿದವಳು ಆಕೆ. ಇರುವುದು ಬಸವಕಲ್ಯಾಣದಲ್ಲೇ, ಕೋಟೆಯ ಕೆಳಗಿನ ಓಣಿಯಲ್ಲಿ. ಸುತ್ತಲಿನ ಮದುವೆಗಳಿಗೆ ಅಡುಗೆ ಮಾಡಿಸುವುದು ಕಸುಬು. ನಾನು ರೋಗಿಯ ಮನೆಗೆ ಹೋಗುವವಳಲ್ಲ. ಆ ಭಾನುವಾರ ಹೋದೆ. ಅಂಗಳದಲ್ಲಿ ಆಳು ಮುಳುಗುವಂಥ ಎರಡು ಅಡುಗೆ ದೇಗುಗಳನ್ನು ಕವುಚಿಟ್ಟಿದ್ದರು. ಆಕೆ ಮೊರದ ಮುಂದೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ತಮ್ಮ ಕಟ್ಟೆಯ ಮೇಲೆ ಕೂತು ಗಾಯದ ಬದಿಯನ್ನು ಕೈಯಿಂದ ಹಿಡಿದುಕೊಂಡು ಚಹಾ ಕುಡಿಯುತ್ತಿದ್ದ.

“ಬರ್ರಿ ಬಾಯೋರ, ಕೂಡ್ರಿ. ನಿಮ್ಮ ಕಾಗದಕ್ಕ ಫ್ರೇಮ್ ಹಾಕ್ಸಬೇಕಂತ ಮಾಡಿದ್ದೆ ನಾ.”

“ಹಾಕಿಸಬೇಡಿ. ಅದನ್ನು ನೀವು ತಪ್ಪು ಓದಿಕೊಂಡಿದ್ದೀರಿ.”

ಆಕೆಯ ಕೈ ನಿಂತಿತು. “ನಾ ಏಳನೇತ್ತ ಕನ್ನಡ ಸಾಲಿ ಕಲತೀನ್ರಿ. ಸತ್ತಾವ ಅಂತ ಬರದೀರೋ ಇಲ್ಲೋ?”

“ಬರೆದಿದ್ದೇನೆ.”

“ತಾವಾಗೇ ಅಂತ ಬರದೀರೋ ಇಲ್ಲೋ?”

“ಬರೆದಿದ್ದೇನೆ. ಆದರೆ—”

“ಮತ್ತ? ತಾನಾಗೇ ಆರಿದ ಒಲಿಗೆ ನೀರು ಯಾಕ ಸುರಿಬೇಕ್ರಿ? ಹುಲಸೂರದಾಗ ನಮ್ಮ ನಾದಿನಿ ಅದೇ ಸಲಾಯಿನ್ ಹಚ್ಚಿಸ್ಕೊಂಡು ಮೂರು ತಿಂಗಳು ಅನ್ನದ ಮಾರಿ ನೋಡ್ಲಿಲ್ಲ. ಕೂದ್ಲ ಹೋಯ್ತು, ಉಗುರು ಕರ್ರಗಾದವು. ಇವಗ ಅದನ್ನ ಯಾಕ ಮಾಡಿಸ್ಲಿ, ಸತ್ತದ್ದರ ಸಲುವಾಗಿ?”

ನಾನು ವಿವರಿಸಿದೆ. ರಕ್ತಪೂರೈಕೆಯ ಕೊರತೆ, ಕೋಶವಿಭಜನೆಯ ವೇಗ, ಪ್ರತಿಕೂಲ ಮುನ್ಸೂಚಕ ಎಂದೆಲ್ಲ ಕ್ರಮವಾಗಿ, ಒಂದು ಹಂತವನ್ನೂ ಬಿಡದೆ ಹೇಳಿದೆ. ಆಕೆ ಕೊನೆಯವರೆಗೂ ಕೇಳಿದಳು. ಆಮೇಲೆ ತಮ್ಮನ ಕಡೆ ತಿರುಗಿ, “ಇದು ಯಾವ ಭಾಷಾ ಐತೋ?” ಎಂದಳು. ಅವನು ಚಹಾ ಬಸಿಯಲ್ಲಿ ಮುಖ ಮುಚ್ಚಿಕೊಂಡು, “ಆಪಾ, ಡಾಕ್ಟರ್ ಭಾಷಾ. ಬೈಬ್ಯಾಡ ಅವರಿಗಿ,” ಎಂದ.

ಎದ್ದು ಬಂದೆ. ನನ್ನ ಕನ್ನಡಕ್ಕೆ ಆದ ಅವಮಾನಗಳಲ್ಲಿ ಇದು ಬೇರೆ ಜಾತಿಯದು. ಇದನ್ನು ಆಡಿದವಳು ಕನ್ನಡವನ್ನೇ ಆಡುವವಳು.

ಮನೆಗೆ ಬಂದು ಊಟಕ್ಕೆ ಕೂರದೆ ಯೋಚಿಸಿದೆ. ಒಮ್ಮೆ ಸಹಿ ಮಾಡಿದ ವರದಿಯ ಸಾಲನ್ನು ನಾನು ಅದುವರೆಗೆ ಹಿಂತೆಗೆದುಕೊಂಡಿರಲಿಲ್ಲ. ತಪ್ಪಿದ್ದ ಸಾಲನ್ನು ಹಿಂತೆಗೆಯುವುದು ಕಷ್ಟವಲ್ಲ, ಅದು ನಿಯಮ. ಸರಿಯಾಗಿದ್ದ ಸಾಲನ್ನು ಹೊಡೆದು ಹಾಕುವುದು ಹೇಗೆ? ‘ಓದುವವರ ದೋಷಕ್ಕೆ ಬರೆದವರು ಹೊಣೆಯಲ್ಲ’ ಎಂದು ಹೇಳಿಕೊಂಡೆ. ಹಾಗೆ ಹೇಳಿಕೊಂಡದ್ದು ಕಿವಿಗೆ ಬಿದ್ದೊಡನೆ ಹೈದರಾಬಾದಿನ ಆ ಹುಡುಗಿಯ ದನಿ ನೆನಪಾಯಿತು: ಅದರಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಅವಳು ಗಡ್ಡೆಯ ನಡುವನ್ನು ನೋಡಲಿಲ್ಲ; ನಾನು ನನ್ನ ಓದುಗರನ್ನು ನೋಡಲಿಲ್ಲ. ನಾವು ಒಲೆ ಆರಿತೆಂದರೆ ಅಡುಗೆ ಮುಗಿಯಿತೆಂದು ತಿಳಿಯುವ ಜನ. ರೋಗದ ಮಾತಿನಲ್ಲಿ ‘ಸತ್ತಿವೆ’ ಎಂದರೆ ಆ ಮನೆಯಲ್ಲಿ ಬೇರೆ ಯಾವ ಅರ್ಥ ಹುಟ್ಟಬೇಕಿತ್ತು?

ಆಕೆಗೆ ಫೋನ್ ಮಾಡಿದೆ. “ನಾನು ಬರೆದ ಸಾಲನ್ನು ರದ್ದು ಮಾಡುತ್ತೇನೆ. ಅದಕ್ಕೆ ಮೊದಲು ಒಂದು ಸಲ ಬಂದು ನಿಮ್ಮ ಕಣ್ಣಿಂದಲೇ ನೋಡಿ ಹೋಗಿ.”

“ನಾಳಿ ಹುಡಗಿ ಊರಾಗ ಮದುವಿ ಅದ್ರಿ. ಸಾಮಾನು ತಗೊಂಡು ಹೋಗ್ತಾ ನಿಂದರ್ತೀನಿ. ಆದ್ರ ಹತ್ತೇ ಮಿನಿಟ್.”

ಸೋಮವಾರ ಬೆಳಿಗ್ಗೆ ದೇಗು, ಸೌದೆ, ಅಕ್ಕಿ ಚೀಲಗಳನ್ನು ಹೇರಿದ ಟೆಂಪೋ ನನ್ನ ಬಾಗಿಲಿನ ಮುಂದೆ ಅಡ್ಡವಾಗಿ ನಿಂತಿತು. ರಕ್ತಪರೀಕ್ಷೆಗೆ ಬಂದವರು ಅದನ್ನು ಸುತ್ತಿಕೊಂಡು ಗೊಣಗುತ್ತ ಒಳಗೆ ಬರಬೇಕಾಯಿತು. ನನ್ನ ಸೂಕ್ಷ್ಮದರ್ಶಕಕ್ಕೆ ಇಬ್ಬರು ಎದುರುಬದುರು ಕೂತು ನೋಡುವ ಎರಡು ಜೊತೆ ಕಣ್ಣುಗಳಿವೆ. ಆರನೆಯ ಬಿಲ್ಲೆಯ ಪಟ್ಟಿಯನ್ನು ಇಟ್ಟು ಆಕೆಯನ್ನು ಎದುರು ಕೂರಿಸಿದೆ. ಒಂದು ಕಣ್ಣಿಗೆ ಪೊರೆಯ ಶಸ್ತ್ರಕ್ರಿಯೆಯಾಗಿತ್ತು. ಮಸಕು ತಿದ್ದಲು ಐದು ನಿಮಿಷ ಹೋಯಿತು.

“ಹಾಂ, ಕಾಣ್ಸ್ತು. ಗುಲಾಬಿ ಅದ.”

“ಅದು ಸತ್ತಿರುವ ಭಾಗ. ಈಗ ಬಾಣದ ಗುರುತಿನ ಜೊತೆ ಬನ್ನಿ. ಈ ನೀಲಿ ಗುಂಪು ಕಾಣುತ್ತದೆಯೆ?”

“ಒತ್ತಾಗಿ ನಿಂತಾವ.”

“ಅವು ಜೀವಂತ ಕ್ಯಾನ್ಸರ್ ಕೋಶಗಳು. ನಡುವಿನ ತೂತು ರಕ್ತನಾಳ. ಊಟ ಬರುವುದು ಅಲ್ಲಿಂದ.”

ನಾನು ಅಷ್ಟಕ್ಕೇ ನಿಲ್ಲಿಸಿದೆ. ಹಿಂದಿನ ದಿನ ಆಡಿದ್ದ ಒಂದು ಪದವನ್ನೂ ಆಡಬಾರದೆಂದು ತೀರ್ಮಾನಿಸಿದ್ದೆ. ಆಕೆ ತಾನೇ ಗುಂಡಿ ತಿರುಗಿಸಿ, ಚಿತ್ರ ಕೆಡಿಸಿಕೊಂಡು, ಮತ್ತೆ ಸರಿಮಾಡಿಸಿಕೊಂಡು ನೋಡಿದಳು.

“ಊಟದ ಬಾಗಲಾ ಇದ್ದಲ್ಲಿ ಅಷ್ಟೇ ಜೀವ ಅದ ಅಂದಂಗಾಯ್ತು,” ಎಂದಳು ಕಣ್ಣು ತೆಗೆಯದೆ. “ದೂರ ಕುಂತದ್ದು ಉಪಾಸ ಸತ್ತಾವ.”

“ಹೌದ್ರಿ.”

“ಹುಡಗಿಯಾಗ ಈಗ ಐನೂರು ಮಂದಿಗೆ ಹೇಳ್ಯಾರ. ಸಾವಿರ ಮಂದಿ ಬಂದ್ರಂದ್ರ ನಡುವಿನ ಸಾಲಿಗೆ ಅನ್ನ ಮುಟ್ಟೂದಿಲ್ಲ. ಅವರು ಬೈದು ಎದ್ದು ಹೋದ್ರಂದ್ರ ಮಂದಿ ಕಡಿಮಿ ಬಂದಿದ್ರು ಅಂತ ನಾ ಅನ್ನಾಕ ಬರ್ತದೇನು?” ತಲೆಯೆತ್ತಿದಳು. ಮುಖದ ಬಣ್ಣ ಇಳಿದಿತ್ತು. “ಬಾಯೋರ, ಹಿಂಗ ಸತ್ತಾವಂದ್ರ ಇವು ಭಾಳ ಮಂದಿ ಇದ್ವು.”

“ಭಾಳ ಇದ್ದವು. ಭಾಳ ಲಗೂನೂ ಬಂದಿದ್ದವು.”

“ಇದನ್ನ ಹಿಂಗೇ ಬರದಿದ್ರ ಏನಾಗ್ತಿತ್ರಿ ನಿಮಗ?”

ಇಷ್ಟು ವರ್ಷಗಳಲ್ಲಿ ನನ್ನ ಮೇಲೆ ಬಂದ ಆಕ್ಷೇಪಗಳಲ್ಲಿ ನಾನು ಮರುಮಾತಿಲ್ಲದೆ ಒಪ್ಪಿಕೊಂಡದ್ದು ಇದೊಂದೇ.

ಅಷ್ಟು ಹೊತ್ತೂ ಬಾಗಿಲಲ್ಲಿ ನಿಂತಿದ್ದ ವೆಲ್ಡರ್ ಈಗ ಬಂದು ಅಕ್ಕನ ಜಾಗದಲ್ಲಿ ಕೂತ. ತನ್ನದೇ ಗಡ್ಡೆಯನ್ನು ತುಂಬ ಹೊತ್ತು ನೋಡಿದ. “ಚಂದ ಅದ ಬಿಡ್ರಿ,” ಎಂದ. ಆಮೇಲೆ, ದನಿ ತಗ್ಗಿಸಿ, “ಇದು ನನ್ನ ಸಲುವಾಗಿ ಬರದದ್ದೇನ್ರಿ? ಹೊಳ್ಳಿ ಬರ್ತದಂತ?”

“ನಿಮ್ಮ ಸಲುವಾಗಿ ಅಲ್ಲ. ಇಂಥ ಗಡ್ಡೆ ಇದ್ದ ಬಹಳ ಮಂದಿಯನ್ನು ನೋಡಿ ಹೇಳುವ ಮಾತು. ಅವರಲ್ಲಿ ಬಾರದೇ ಇದ್ದವರೂ ಇದ್ದಾರೆ. ನೀವು ಯಾರ ಸಾಲಿನಲ್ಲಿದ್ದೀರಿ ಎಂದು ಈ ಗಾಜು ನನಗೆ ಹೇಳುವುದಿಲ್ಲ.”

“ಮತ್ತ ಸಲಾಯಿನ್ ಹಚ್ಚಿದ್ರ ಬರೂದಿಲ್ಲೇನ್?”

“ಬರುವುದು ಕಡಿಮೆಯಾಗಬಹುದು. ಇಲ್ಲ ಎಂದು ಬರೆದುಕೊಡಲಾರೆ.”

ಅವನು ನಕ್ಕ. “ಬರದು ಕೊಡಬ್ಯಾಡ್ರಿ. ಆಪಾ ಮತ್ತ ಪೇಢೆ ಹಂಚ್ತಾಳ.”

“ಬಾಯಿ ಮುಚ್ಚೋ,” ಎಂದಳು ಅಕ್ಕ. ಸೆರಗಿನಿಂದ ಒಂದೇ ಕಣ್ಣನ್ನು, ಪೊರೆ ತೆಗೆಸಿದ್ದನ್ನು, ಒರೆಸಿಕೊಂಡಳು. “ಹೊಸಾ ಕಾಗದ ತೆಗೀರಿ ಬಾಯೋರ. ನನ್ನ ಮುಂದೇ ಬರೀರಿ.”

ಹತ್ತು ನಿಮಿಷ ಎಂದಿದ್ದವಳು ಮುಕ್ಕಾಲು ಗಂಟೆ ಕೂತಳು. ಹೊರಗೆ ಟೆಂಪೋದವನು ಹಾರ್ನ್ ಹೊಡೆಯುತ್ತಿದ್ದ. ಹಳೆಯ ಟಿಪ್ಪಣಿ ರದ್ದಾಗಿದೆ ಎಂದು ಮೊದಲು ಬರೆದೆ. ಹೊಸದಕ್ಕೆ ನಾನು ಕೊಟ್ಟ ಮೊದಲ ಕರಡನ್ನು ಆಕೆ ಓದಿ ಹಿಂದಕ್ಕೆ ಕೊಟ್ಟಳು. “ಕೆಟ್ಟದ್ದು ಅಂಬೂದು ಎಲ್ಲದ ಇದ್ರಾಗ? ಕೊನಿಗ್ಯಾಕ ಇಟ್ಟೀರಿ? ಮೊದಲ ಸಾಲು ಓದಿ ನಮ್ಮ ಮಂದಿ ಕಾಗದ ಮಡಚ್ತಾರ.” ‘ಪ್ರತಿಕೂಲ’ವನ್ನು ಹೊಡೆಸಿದಳು. ‘ಗಮನಿಸತಕ್ಕದ್ದು’ ಎಂಬುದನ್ನು ಓದಿ, “ಯಾರು ಗಮನಿಸಬೇಕ್ರಿ, ನಾನೋ ಡಾಕ್ಟರೋ?” ಎಂದಳು. ನಾಲ್ಕನೆಯ ಕರಡು ಹೀಗೆ ನಿಂತಿತು: ‘ಇದು ಒಳ್ಳೆಯ ಗುರುತಲ್ಲ. ಗಡ್ಡೆ ಬಹಳ ಬೇಗ ಬೆಳೆದದ್ದರಿಂದ ಅದರ ನಡುವಿನ ಕೋಶಗಳು ಆಹಾರ ಸಿಗದೆ ಸತ್ತಿವೆ. ರೋಗ ಸತ್ತಿದೆ ಎಂದು ಇದರ ಅರ್ಥವಲ್ಲ. ಕೂಡಲೇ ಕ್ಯಾನ್ಸರ್ ವೈದ್ಯರನ್ನು ಕಾಣಿರಿ.’ ಇದರಲ್ಲಿ ಶೈಲಿ ಇಲ್ಲ. ಸಹಿ ಮಾಡಿದೆ.

ಕಲಬುರಗಿಯ ವೈದ್ಯರು ನನ್ನ ಇಂಗ್ಲಿಷ್ ವರದಿಯನ್ನು ಪೂರ್ತಿ ಓದಿದ್ದರು. ಫೋನ್ ಮಾಡಿ ಚೌಕಗಳನ್ನು ಹೇಗೆ ಎಣಿಸಿದಿರಿ, ಕ್ಷಯವನ್ನು ಹೇಗೆ ತಳ್ಳಿಹಾಕಿದಿರಿ ಎಂದು ಕೇಳಿದರು. ಮೂಲ ವರದಿಯಲ್ಲಿ ಈ ಅಂಶ ಯಾಕಿಲ್ಲ ಎಂದರು. ಅವರ ಅಚ್ಚಿನ ನಮೂನೆಯಲ್ಲಿ ಅದಕ್ಕೆ ಚೌಕವಿಲ್ಲ ಎಂದೆ. ಕೀಮೋಥೆರಪಿ ಕೊಡೋಣ ಎಂದರು. ಹೈದರಾಬಾದಿನವರಿಗೂ ಆರನೆಯ ಬಿಲ್ಲೆಯ ಗಾಜಿನ ಪಟ್ಟಿಯ ಜೊತೆ ಪತ್ರ ಬರೆದೆ, ಉತ್ತರ ಬಂದಿಲ್ಲ. ದಿನಾಂಕ ಬರೆದಿಟ್ಟುಕೊಂಡಿದ್ದೇನೆ.

ಏಳನೆಯ ವಾರದ ಬುಧವಾರ, ಮಧ್ಯಾಹ್ನದ ಹೊತ್ತಿಗೆ, ಅಕ್ಕನ ಫೋನ್ ಬಂತು.

“ಹಚ್ಯಾರ್ರಿ ಬಾಯೋರ. ಹನಿ ಹನಿ ಇಳ್ಯಾಕತ್ತದ. ಮಕ್ಕೊಂಡಾನ. ಬಿಸ್ಕೂಟ್ ತಿಂದು ವಾಂತಿ ಮಾಡ್ಕೊಂಡ, ಮತ್ತ ತಿಂದ.”

“ನೀರು ಕುಡಿಸುತ್ತಿರಿ.”

“ಹೂಂ.” ಹಿಂದಿನಿಂದ ಯಾರೋ ದಾದಿಯನ್ನು ಕರೆಯುವುದು ಕೇಳಿಸಿತು. “ಒಂದು ಕೇಳ್ಲೇನ್ರಿ? ಈ ದವಾ ಒಳಗ ಹೋಗಿ ಉಳದದ್ದನ್ನ ಸಾಯಸ್ತದಲ್ಲ. ಈ ಸಾವು ಒಳ್ಳೇದೋ ಕೆಟ್ಟದ್ದೋ?”

“ಇದು ಒಳ್ಳೆಯದು.”

“ಸತ್ತಾವೋ ಇಲ್ಲೋ ಅಂತ ಮತ್ತ ನಿಮ್ಮ ದುರ್ಬೀನಿನ್ಯಾಗ ನೋಡಿ ಹೇಳ್ತೀರೇನ್?”

ಗಡ್ಡೆ ತೆಗೆದಾಗಿತ್ತು. ಉಳಿದಿದ್ದರೆ ಅವು ಎಲ್ಲೋ ರಕ್ತದಲ್ಲಿ ಒಂದೊಂದಾಗಿ, ಯಾವ ಅಲಗಿಗೂ ಯಾವ ಬಣ್ಣಕ್ಕೂ ಸಿಗದಂತೆ ಇದ್ದವು. ಈ ಸಲ ಪದಗಳನ್ನು ಆಡುವ ಮೊದಲು ಆಕೆಯ ಕಿವಿಯಲ್ಲಿ ಕೇಳಿಸಿಕೊಂಡೆ.

“ಅವು ಸತ್ತದ್ದು ನನಗ ಕಾಣೂದಿಲ್ರಿ,” ಎಂದೆ. “ನಿಮ್ಮ ತಮ್ಮ ಬದುಕಿ ತಿರುಗ್ಯಾಡೂದು ನಿಮಗ ಕಾಣ್ತದ. ಅಷ್ಟೇ ಗುರುತು.”

“ಎಷ್ಟು ದಿನ ನೋಡಬೇಕ್ರಿ?”

“ವರ್ಷಗಟ್ಟಲೆ.”

“ನೋಡ್ತೀನಿ ಬಿಡ್ರಿ,” ಎಂದಳು. “ನನಗ ಅದೇ ಕೆಲ್ಸ.” ಫೋನ್ ಇಟ್ಟಳು.